ಮಾವನಿಗೆ ನಾನೇ ಹೊದಿಸಿದ ಕಂಬಳಿ

"ಮಂಚದ ಮ್ಯಾಲೆ ಕುರಿ ಹತ್ಯಾವೆ. ನೋಡ್ಕಂಡು ಕುಂತೀಯಲ್ಲಲೇ, ಹೊಡಿ ಆಚೆ."

ಚಳ್ಳಕೆರೆಯ ಆಸ್ಪತ್ರೆಯೊಂದರಲ್ಲಿ, ಮಟಮಟ ಮಧ್ಯಾಹ್ನ, ಪಾಲಯ್ಯ ಮಾವ ನನ್ನನ್ನು ಹೀಗೆ ಗದರಿದ. ಮಂಚದ ಮೇಲೆ ಇದ್ದದ್ದು ಅವನೊಬ್ಬನೇ. ಅವನ ಬೆರಳುಗಳು ಮಾತ್ರ ಬೆಡ್‌ಶೀಟಿನಿಂದ ಇಲ್ಲದ ಉಣ್ಣಿಗಳನ್ನು ಹೆಕ್ಕುತ್ತಿದ್ದವು.

ಹಿಂದಿನ ದಿನ ಇದೇ ಹೊತ್ತಿಗೆ ಮಾವ ತಳಕು ಊರಿನ ಹತ್ತಿರ, ಕುರಿಗಳ ನಡುವೆಯೇ ಬಿದ್ದಿದ್ದ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಉಸಿರೆಳೆದರೆ ಎದೆಯೊಳಗೆ ಗೊರಗೊರ. (ಬಿಸಿಲು ಬಡಿದಿದೆ ಅಂತ ನಾನು ಮಜ್ಜಿಗೆ ಕುಡಿಸಲು ಹೋಗಿದ್ದೆ. ಅದು ನನ್ನ ಮೊದಲ ಬುದ್ಧಿವಂತಿಕೆ.)

ಬೆಳೆಗೆ ಹೊಡೆಯುವ ಔಷಧಿ ಕುಡಿದಿದ್ದಾನಾ ಅಂತ ಡಾಕ್ಟರ್ ಕೇಳಿದರು. ಅತ್ತೆಗೆ ಸಿಟ್ಟೇ ಬಂತು. "ಔಷಧಿ ಕುಡಿಯಾಕೆ ಈವಯ್ಯಂಗೆ ಏನಾಗಿತ್ರಿ? ಬೆಳಿಗ್ಗೆ ಎರಡು ಮುದ್ದೆ ಉಂಡು ಹೋಗೈತೆ."

ಕುಡಿದಿರಲಿಲ್ಲ, ನಿಜ. ಹೊದ್ದಿದ್ದ! ಕುರಿಗಳಿಗೆ ಉಣ್ಣಿ ಹತ್ತಿತ್ತು. ಶೇಂಗಾಕ್ಕೆ ಹೊಡೆದು ಉಳಿದಿದ್ದ ಔಷಧಿಯನ್ನು ಬಕೆಟ್ಟಿನಲ್ಲಿ ಕಲಸಿ ಅವುಗಳ ಮೈಗೆ ಬಳಿದಿದ್ದಾನೆ. ಮಿಕ್ಕ ನೀರು ಚೆಲ್ಲುವುದೇಕೆ? ಕಂಬಳಿಯಲ್ಲೂ ಉಣ್ಣಿ ಇದ್ದಾವು ಅಂತ ಅದನ್ನೂ ಅದ್ದಿ ತೆಗೆದಿದ್ದಾನೆ. ಒಣಗಿದ ಮೇಲೆ ಎಂದಿನಂತೆ ಹೆಗಲಿಗೆ.

ಬಟ್ಟೆ ಬಿಚ್ಚಿಸಿದರು, ಸೋಪು ಹಚ್ಚಿ ಮೈ ತೊಳೆದರು, ಅಟ್ರೋಪಿನ್ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ನಾನು ಕಂಬಳಿಯನ್ನು ಚೀಲಕ್ಕೆ ತುಂಬಿ ವರಾಂಡದಲ್ಲಿಟ್ಟೆ.

ಜೊಲ್ಲು ನಿಂತಿತು. ಕುರಿಗಳು ಬಂದವು! ವಿಷ ಏರಿದ್ದಾಗ ನನ್ನನ್ನು ಗುರುತಿಸುತ್ತಿದ್ದವನು ಮದ್ದು ಬಿದ್ದ ಮೇಲೆ ಹುಚ್ಚನಾಗುವುದೆಂದರೇನು?

ಡಾಕ್ಟರ್ ಸಮಾಧಾನದಿಂದ ಹೇಳಿದರು. ನರದಿಂದ ನರಕ್ಕೆ ಸುದ್ದಿ ಒಯ್ಯುವುದು ಅಸಿಟೈಲ್‌ಕೋಲಿನ್. ಕೆಲಸ ಮುಗಿದೊಡನೆ ಅದನ್ನು ಒಡೆಯಲು ಒಂದು ಕಿಣ್ವ. ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ, ಸುದ್ದಿ ನಿಲ್ಲುವುದೇ ಇಲ್ಲ. ಅಟ್ರೋಪಿನ್ ಹೋಗಿ ಸುದ್ದಿ ತಲುಪುವ ಬಾಗಿಲು ಮುಚ್ಚುತ್ತದೆ. ಆದರೆ ಅದು ಮೆದುಳಿಗೂ ಹೋಗುತ್ತದೆ, ಅಲ್ಲಿಯ ಬಾಗಿಲನ್ನೂ ಮುಚ್ಚುತ್ತದೆ. ಅದಕ್ಕೇ ಈ ಕುರಿಗಳು.

ನಾನು ತಲೆಯಾಡಿಸಿದೆ. ಬಿಎಸ್ಸಿಯಲ್ಲಿ ಇದು ಎರಡು ಅಂಕದ ಪ್ರಶ್ನೆ. ಬಾಯಿಪಾಠ.

ಅತ್ತೆ ಬೆಳಿಗ್ಗೆಯೇ ಕುರಿ ನೋಡಲು ಊರಿಗೆ ಹೋಗಿದ್ದಳು. ಇದ್ದದ್ದು ನಾನೊಬ್ಬನೇ. ಮಾವ ಗೊಣಗಿದ. "ಚಳಿ ಕಣಲೇ. ನನ್ ಕಂಬ್ಳಿ ಎಲ್ಲೈತೆ?"

ಮಾವ ಕಂಬಳಿ ಇಲ್ಲದೆ ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಎದ್ದು ಹೋದೆ. ವರಾಂಡದ ಚೀಲದಿಂದ ತೆಗೆದು ತಂದೆ. ಹೊದಿಸಿದೆ. ಕತ್ತಿನವರೆಗೂ ಎಳೆದು ಸರಿಮಾಡಿದೆ. ಕುರಿಗಳು ಹೋದವು, ಮಾವ ಮಲಗಿದ. ನನಗೇನೋ ಹೆಮ್ಮೆ.

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಗೊರಗೊರ.

ಡಾಕ್ಟರ್ ಓಡಿ ಬಂದರು. ಇಳಿದಿದ್ದ ವಿಷ ಮತ್ತೆ ಏರುವುದು ಹೇಗೆ ಅಂತ ಅವರಿಗೂ ಗೊಂದಲ. ಮೂಗಿಗೆ ವಾಸನೆ ಬಡಿದ ನರ್ಸ್ ಕಂಬಳಿಯನ್ನು ಕಿತ್ತೆಸೆದು ಸುತ್ತ ನೋಡಿದಳು. "ಯಾರ್ರೀ ಇದನ್ನ ಹೊದಿಸಿದ್ದು?"

ಕೈ ಎತ್ತಿದೆ, ಕ್ಲಾಸಿನಲ್ಲಿ ಎತ್ತಿದ ಹಾಗೆ.

ಮಾವ ಉಳಿದ. ಐದನೇ ದಿನ ಮನೆಗೆ ಬಂದ. ಆಸ್ಪತ್ರೆಯ ಮೊದಲೆರಡು ದಿನ ಅವನಿಗೆ ನೆನಪೇ ಇಲ್ಲ (ಅದೂ ಆ ಮದ್ದಿನದೇ ಕೆಲಸವಂತೆ). ನನಗೋ, ಆ ಎರಡು ದಿನ ಬಿಟ್ಟು ಬೇರೇನೂ ನೆನಪಾಗುತ್ತಿಲ್ಲ. ಕತ್ತಿನವರೆಗೂ ಎಳೆದಿದ್ದೆನಲ್ಲ, ಅಲ್ಲಿಗೇ ಬಂದು ನಿಲ್ಲುತ್ತೇನೆ. ಗೊತ್ತಿರುವುದಕ್ಕೂ ಹೊಳೆಯುವುದಕ್ಕೂ ನಡುವೆ ಯಾವ ಕಿಣ್ವ ಕೈಕೊಟ್ಟಿತು?

ನೋಡಲು ಬಂದವರಿಗೆಲ್ಲ ಅತ್ತೆ ನನ್ನನ್ನು ತೋರಿಸುತ್ತಾಳೆ. "ಇವ್ನು ಓದ್ಕಂಡಿದ್ದಕ್ಕೆ ಈವಯ್ಯ ಉಳೀತು ನೋಡ್ರಿ."

ಅತ್ತೆಗೆ ಓದು ಬಾರದು. ಪ್ರತಿ ವಾರ ನಾನು ಬರೆಯುವ ಈ ಅಂಕಣವನ್ನು ಅವಳಿಗೆ ಓದಿ ಹೇಳುವವನೂ ನಾನೇ.

ಈ ವಾರ ಏನಂತ ಓದಲಿ?