ಎದುರಿನಿಂದ ಯಾರೂ ಬರುವುದಿಲ್ಲ

ನನ್ನ ತಮ್ಮ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ತೆಗೆದುಕೊಳ್ಳುವ ಹೊತ್ತಿಗೆ ಅವನ ತಲೆಯ ಮುಂಭಾಗ ಪೂರ್ತಿ ಬೋಳಾಗಿತ್ತು. ಕಾರು ಕೂಡ ಹಳೆಯದೇ. ಮೊದಲು ಅವನು ಸಂಪಾಜೆ ಘಾಟಿಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ, ಈಗ ಸುಳ್ಯದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ಮನೆ ಮರ್ಕಂಜದಲ್ಲಿ. ಆ ಮನೆಯ ದಾರಿಯಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಹಂಪ್ ಬಂದರೆ ಓರೆಯಾಗಿ ಹತ್ತಿಸಬೇಕು. ಇವನು ಎತ್ತ ತಿರುಗುತ್ತಾನೆಂದು ತಿಳಿಯದೆ ಹಿಂದಿನ ಬಸ್ಸು ನಿಂತುಬಿಡುತ್ತಿತ್ತು.

ಕಾರು ತಂದದ್ದು ರೇಸಿಗೆ. ಕೊಯಿಲದ ಆಚೆ ಒಂದು ಪದವು ಇದೆ, ಮುರಕಲ್ಲಿನ ಬಯಲು. ಮಳೆಗಾಲ ಕಳೆದ ಮೇಲೆ ಅಲ್ಲಿ ನೆಲ ಸಮ ಮಾಡಿ, ಹಳೆಯ ಟಯರುಗಳನ್ನು ಜೋಡಿಸಿ, ಕಾರಿನ ಹುಚ್ಚಿನವರು ಸೇರಿ ಓಡಿಸುತ್ತಾರೆ. ತಮ್ಮ ಪ್ರತಿ ಸಲವೂ ಕೊನೆಯವನು. ಟಯರು ಎತ್ತಿಡುವವರು ಇವನ ಸುತ್ತು ಮುಗಿಯಲೆಂದು ಕಾದು ನಿಲ್ಲುತ್ತಿದ್ದರು. ಗೌರವದಿಂದಲೇ ನಿಲ್ಲುತ್ತಿದ್ದರು.

ಒಂದು ದಿನ ಪುತ್ತೂರಿಗೆ ಬಂದು ನನ್ನ ಡ್ರೈವಿಂಗ್ ಶಾಲೆಯ ಬೆಂಚಿನಲ್ಲಿ ಕೂತ.

"ಅಕ್ಕ, ಕಂಪೆನಿಯವರು ಬರೆದ ವೇಗ ಪದವಿನಲ್ಲಿ ಬರುದಿಲ್ಲ. ದೋಷ ಕಾರಿಂದಾ ನಂದಾ, ನೀನು ಓಡಿಸಿ ನೋಡಿ ಹೇಳು. ಕಾರಿಂದಾದ್ರೆ ಮಾರ್ತೇನೆ. ನಂದಾದ್ರೆ ರೇಸು ಬಿಡ್ತೇನೆ."

"ನಂಗೆ ಬೇರೆ ಕೆಲಸ ಇಲ್ವಾ?" ಎಂದೆ.

"ಬೇರೆಯವ್ರು ಮುಖ ನೋಡಿ ಹೇಳ್ತಾರೆ. ನೀನು ಹಾಗೆ ಹೇಳುದಿಲ್ಲ."

ಅದು ನಿಜ. ಎಡಗಡೆಯ ಸೀಟಿನಲ್ಲಿ ಕೂತು, ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟು, ಜನರಿಗೆ ಬೈದೇ ಬದುಕಿದವಳು ನಾನು. ಆದರೆ ಅವನ ಮುಖ ಕಂಡು ನನಗೆ ಪಾಪ ಅನ್ನಿಸಿತು. ಅಂಗಡಿಯಲ್ಲಿ ಬೇರೆಯವರ ಗಾಡಿಗೆ ಬೋಲ್ಟು ಮಾರುತ್ತ ದಿನ ಕಳೆಯುವವನಿಗೆ ಸಂತೋಷ ಎಂದು ಇದ್ದದ್ದು ಈ ಒಂದು ಹುಚ್ಚು. ಸಂಜೆ ಅವನ ಹೆಂಡತಿ ಫೋನ್ ಮಾಡಿದಳು. "ಅತ್ತಿಗೆ, ಎಂತ ಬೇಕಾದ್ರೂ ಹೇಳಿ, ಒಟ್ಟು ಒಂದು ತೀರ್ಮಾನ ಆಗ್ಲಿ. ರಾತ್ರಿ ನಿದ್ದೆಯಲ್ಲಿ ಗೇರು ಹಾಕ್ತಾರೆ," ಎಂದಳು.

ರೇಸಿಲ್ಲದ ಒಂದು ದಿನ ಹೋದೆವು. ಆ ಕಾರಿಗೆ ಹತ್ತುವುದೆಂದರೆ ಬಚ್ಚಲಿನ ಮಣೆಯ ಮೇಲೆ ಕೂತ ಹಾಗೆ, ಏಳುವಾಗ ಯಾರಾದರೂ ಕೈ ಕೊಡಬೇಕು. ಪದವಿನಲ್ಲಿ ನರಪಿಳ್ಳೆ ಇರಲಿಲ್ಲ. ಮೊದಲು ಅವನೇ ಓಡಿಸಲಿ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದೆ.

ನೇರ ದಾರಿಯಲ್ಲಿ ಕಾರು ಚೆನ್ನಾಗಿಯೇ ಹಾರಿತು. ಮೊದಲ ತಿರುವು ಬಂತು. ತಮ್ಮ ಪೀಂ ಪೀಂ ಎಂದು ಹಾರ್ನ್ ಹಾಕಿದ, ವೇಗ ಇಳಿಸಿದ, ಎಡಬದಿಗೆ ಒತ್ತಿಕೊಂಡು ಟಯರುಗಳನ್ನು ಸವರುವಂತೆ ತಿರುಗಿಸಿದ. ಎರಡನೆಯ ತಿರುವಿನಲ್ಲೂ ಪೀಂ ಪೀಂ. ಅದರಾಚೆ ಸಣ್ಣ ಇಳಿಜಾರು. ಅಲ್ಲಿ ಕಾರು ಹೆಚ್ಚುಕಡಿಮೆ ನಿಂತೇಬಿಟ್ಟಿತು.

"ಎಂತ ಆಯ್ತು?" ಎಂದೆ.

"ಹತ್ತಿ ಬರುವವ್ರಿಗೆ ದಾರಿ ಬಿಡ್ಬೇಕಲ್ಲ?"

"ಯಾರು ಮಾರಾಯ ಹತ್ತಿ ಬರುದು?"

ಅವನು ಮುಂದೆ ನೋಡಿದ. ಯಾರೂ ಇರಲಿಲ್ಲ. ಘಾಟಿಯಲ್ಲಿ ಅಷ್ಟು ವರ್ಷ ಜೀಪು ಓಡಿಸಿದ ಕೈಕಾಲು, ಅವನನ್ನು ಕೇಳದೆ ತಮ್ಮಷ್ಟಕ್ಕೆ ಕೆಲಸ ಮಾಡಿ ಮುಗಿಸಿದ್ದವು. ಉಳಿದವರೆಲ್ಲ ಇವನನ್ನು ಹಿಂದೆ ಹಾಕಿದ್ದರಲ್ಲಿ ಏನು ಆಶ್ಚರ್ಯ? ಹಾಕದಿದ್ದರೆ ಇವನೇ ಕೈಸನ್ನೆ ಮಾಡಿ ಮುಂದೆ ಕಳಿಸುತ್ತಿದ್ದ.

"ಮಂಡೆ ಸಮ ಉಂಟಾ ನಿಂಗೆ? ಇಳಿ, ನಾನು ತೋರಿಸ್ತೇನೆ," ಎಂದೆ.

ಕಾರು ಸುಳ್ಳು ಹೇಳುವಂಥದಲ್ಲ. ಕಾಲು ಇಟ್ಟ ಕೂಡಲೇ ಓಡಿತು, ಬ್ರೇಕ್ ಹಿಡಿದ ಕೂಡಲೇ ನಿಂತಿತು, ಸ್ಟೇರಿಂಗ್ ಹೇಳಿದ ಮಾತು ಕೇಳುತ್ತಿತ್ತು. ನನಗೂ ಖುಷಿಯಾಯಿತು. ಅದೇ ಖುಷಿಯಲ್ಲಿ ಮೊದಲ ತಿರುವಿಗೆ ಹೋದವಳು ಪೀಂ ಪೀಂ ಎಂದು ಹಾರ್ನ್ ಹಾಕಿ ಎಡಕ್ಕೆ ಸರಿದೆ.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ನನಗೆ ಮೈಯೆಲ್ಲ ಉರಿಯಿತು.

"ಫ್ಯೂಸ್ ತೆಗಿ," ಎಂದೆ.

ಸ್ಪೇರ್ ಪಾರ್ಟ್ಸಿನವನಲ್ಲವೇ, ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿ ಹಾರ್ನಿನ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡ. ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಕಲಿಯುವವರು ಮಾಡಬೇಕಾದ್ದನ್ನು ಬಾಯಿಬಿಟ್ಟು ಹೇಳುತ್ತ ಓಡಿಸಬೇಕು. "ಕನ್ನಡಿ ನೋಡ್ತೇನೆ, ಕ್ಲಚ್ ಒತ್ತುತ್ತೇನೆ" ಎಂದು ಅಜ್ಜಂದಿರೂ ಹೇಳುತ್ತಾರೆ. ತಮ್ಮನಿಗೆ ನಾನು ಕೊಟ್ಟ ಪಾಠ ಒಂದೇ. ಪ್ರತಿ ತಿರುವಿನಲ್ಲೂ ದೊಡ್ಡದಾಗಿ ಹೇಳಬೇಕು, 'ಎದುರಿನಿಂದ ಯಾರೂ ಬರುದಿಲ್ಲ.'

ಸ್ಟೇರಿಂಗಿಗೆ ಮತ್ತೆ ಅವನೇ ಕೂತ. ಮೊದಲ ಸುತ್ತಿನಲ್ಲಿ ನಂಬಿಕೆಯಿಲ್ಲದೆ ಹೇಳಿದ. ಮತ್ತೆ ನಂಬಿ ಹೇಳಿದ. ಆಮೇಲೆ ಕೂಗಿದ. ಕಾರು ತಿರುವಿನ ಹೊರಗಿನಿಂದ ಒಳಗೆ ನುಗ್ಗಿ, ದಾರಿಯನ್ನು ಇಡೀ ತನ್ನದೇ ಮಾಡಿಕೊಂಡು ಆಚೆ ಹಾರುತ್ತಿತ್ತು. ಬಾಗಿಲಿನ ಹಿಡಿ ಹಿಡಿದು ನನ್ನ ಕೈ ಸೋತಿತು. ಕೊನೆಯ ಸುತ್ತಿನ ಹೊತ್ತನ್ನು ಮೊಬೈಲಿನಲ್ಲಿ ಇಬ್ಬರೂ ಎರಡೆರಡು ಸಲ ನೋಡಿದೆವು. ಅಲ್ಲಿ ಗೆಲ್ಲುವವರು ತೆಗೆದುಕೊಳ್ಳುವ ಹೊತ್ತು ಅದು.

ಅವನು ಇಳಿದು ಕಾರಿಗೆ ಒಂದು ಸುತ್ತು ಬಂದ, ಬಾನೆಟ್ ಸವರಿದ. "ಅಕ್ಕ, ನಾನು ನಿಧಾನ ಅಲ್ಲ," ಎಂದ. ಅವನು ಅಷ್ಟು ಸಂತೋಷಪಟ್ಟದ್ದನ್ನು ಮದುವೆಯ ದಿನವೂ ಕಂಡಿರಲಿಲ್ಲ.

ಸಂಜೆ ಕಡಬ ದಾಟಿ ಸುಳ್ಯದ ಕಡೆ ಹೊರಟೆವು. ಅವನೇ ಓಡಿಸುತ್ತಿದ್ದ. ಮುಂದಿನ ರೇಸಿಗೆ ಯಾವ ಟಯರು ಹಾಕುವುದು ಎಂದು ಮಾತು. ಎರಡೂ ಬದಿ ರಬ್ಬರು ತೋಟ, ಎದುರಿಗೆ ಕುರುಡು ತಿರುವು. ಮಾತು ನಿಲ್ಲಿಸಿದ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಕಾರು ಹೊರಗಿನಿಂದ ಒಳಕ್ಕೆ, ಬಲಬದಿಗೆ ನುಗ್ಗಿತು.

ಎದುರಿನಿಂದ ರಿಕ್ಷಾ ಬಂತು. ಒಳಗೆ ತುಂಬ ಶಾಲೆಯ ಮಕ್ಕಳು.

ನನ್ನ ಕಾಲು ಬ್ರೇಕ್ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ, ಬರೀ ಮ್ಯಾಟ್. ಒತ್ತಿಯೇ ಒತ್ತಿದೆ. ರಿಕ್ಷಾ ಚರಂಡಿಯ ಅಂಚಿಗೆ ಇಳಿದು ನಿಂತಿತು. ತಮ್ಮನೂ ಬ್ರೇಕ್ ಹಾಕಿದ್ದ. ಕಾರು ಒಂದು ಮೊಳದ ಅಂತರದಲ್ಲಿ, ಕಂಪೆನಿಯವರು ಹೇಳಿದ ಹಾಗೆಯೇ, ನಿಂತಿತು.

ರಿಕ್ಷಾದವನು ತಲೆ ಹೊರಗೆ ಹಾಕಿದ. ಬೈಯಲಿಲ್ಲ. "ಒಂದು ಹಾರ್ನ್ ಹಾಕ್ಬಾರ್ದಾ ಮಾರಾಯ್ರೆ?" ಎಂದ. ಮಕ್ಕಳು ಕೆಂಪು ಕಾರನ್ನು ನೋಡಿ ಕೈ ಬೀಸಿದರು. ನಾನೂ ಬೀಸಿದೆ. ಬೇರೆ ಏನು ಮಾಡುವುದೆಂದು ತಿಳಿಯಲಿಲ್ಲ.

ರಿಕ್ಷಾ ಹೋದ ಮೇಲೆ ತಮ್ಮ ಕಾರನ್ನು ಬದಿಗೆ ತಂದು ನಿಲ್ಲಿಸಿದ.

"ಫ್ಯೂಸ್ ಹಾಕ್ಲಿಕ್ಕೆ ಮರ್ತೆವಲ್ಲ," ಎಂದೆ.

ಅವನು ಕಿಸೆಯಿಂದ ಫ್ಯೂಸ್ ತೆಗೆದು ಅಂಗೈಯಲ್ಲಿಟ್ಟು ನೋಡಿದ. "ಫ್ಯೂಸ್ ಇದ್ರೂ ಅಷ್ಟೇ ಅಕ್ಕ. ನಾನು ಹಾರ್ನ್ ಒತ್ತಲೇ ಇಲ್ಲ."

ಫ್ಯೂಸ್ ಸಿಕ್ಕಿಸಿ ಕೀ ನನಗೆ ಕೊಟ್ಟ. ಮರ್ಕಂಜದವರೆಗೆ ಪ್ರತಿ ತಿರುವಿನಲ್ಲೂ ಹಾರ್ನ್ ಹಾಕುತ್ತ, ಎಡಬದಿ ಬಿಡದೆ ಓಡಿಸಿದೆ.

ಅವನ ಹೆಂಡತಿ ಅಂಗಳದಲ್ಲೇ ಕಾಯುತ್ತಿದ್ದಳು. "ಎಂತ ಆಯ್ತು ಅತ್ತಿಗೆ? ಕಾರು ಹೇಗುಂಟು?"

ನಾನು ಬಾಯಿ ತೆರೆಯುವ ಮೊದಲು ಅವನೇ ಹೇಳಿದ. "ಕಾರು ಒಳ್ಳೇದುಂಟು. ನಾನೂ ಒಳ್ಳೆ ಓಡಿಸ್ತೇನೆ."

"ಮತ್ತೆ?"

"ಮಾರುದು."

ಅವಳು ನನ್ನ ಮುಖ ನೋಡಿದಳು. ನಾನು ಕುಡಿಯಲು ನೀರು ಕೇಳಿದೆ. ತಮ್ಮ ಕಾರಿನ ಕಿಟಕಿಯಿಂದ ಕೈ ಹಾಕಿ ಹಾರ್ನನ್ನು ಒಮ್ಮೆ ಒತ್ತಿ ನೋಡಿದ.

"ತೆಗೊಳ್ಳುವವ್ರಿಗೆ ಎಲ್ಲಾ ಸರಿ ಇರ್ಬೇಕಲ್ಲ," ಎಂದ.