ಪೋಸ್ಟಿನ ಕಿಂಡಿಯಿಂದ ಕಿಡ್ಯೊ

ಕ್ರಿಸ್ಮಸ್ ರಜೆಗೆಂದು ಮೊನ್ನೆ ಐರೋಲಿಯ ಮಗನ ಮನೆಗೆ ಹೋಗಿದ್ದೆ. ಪುಟ್ಟ ಮೊಮ್ಮಗಳಿದ್ದಾಳಲ್ಲ, ಗ್ಯಾಸಿಗೆ ಲಾಕ್, ಮೇಜಿನ ಮೂಲೆಗೆ ರಬ್ಬರ್, ಹಾಲ್‌ನಲ್ಲಿ ಕ್ಯಾಮೆರಾ. (ನಾನು ಡಬ್ಬಿಯಿಂದ ಚಕ್ಕುಲಿ ಕದ್ದರೂ ಅದಕ್ಕೆ ಗೊತ್ತಾಗುತ್ತದೆ!)

"ಅಬ್ ಟೆನ್ಶನ್ ನಹೀ, ಮಮ್ಮಿ" ಎಂದ ಮಗ.

ನಗು ಬಂತು. ತೊಂಬತ್ತರ ದಶಕದ ಒಂದು ಕ್ರಿಸ್ಮಸ್ ಬೆಳಿಗ್ಗೆ ನನ್ನ ಜೀವ ಬಾಯಿಗೆ ತಂದವನು ಇವನೇ ಅಲ್ಲವೇ?

ಆಗ ನಾವು ಡೊಂಬಿವಲಿಯ ಒಂದು ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿದ್ದೆವು. ಎದುರು ಮನೆಯಲ್ಲಿ ಮಂಗಳೂರಿನ ಸಿಸಿಲಿಯಾ ಬಾಯಿ. ಬಾಗಿಲುಗಳಿಗೆಲ್ಲ ಲ್ಯಾಚ್, ಎಳೆದರೆ ತಾನೇ ಲಾಕ್. ಅದಕ್ಕೇ ನಮ್ಮ ಇನ್ನೊಂದು ಕೀ ಅವರಲ್ಲಿ, ಅವರದು ನಮ್ಮಲ್ಲಿ.

ಅಂದು ಅವರೆಲ್ಲ ಚರ್ಚಿಗೆ ಹೋಗಿದ್ದರು. ನಮ್ಮವರಿಗೆ ಕಲ್ಯಾಣದ ಹೋಟೆಲಿನಲ್ಲಿ ಡ್ಯೂಟಿ. ನಾನು ಗ್ಯಾಸ್ ಮೇಲೆ ಹಾಲಿಟ್ಟಿದ್ದೆ. ಸಿಸಿಲಿಯಾ ಬಾಯಿ ತಮ್ಮ ಬಾಗಿಲಿಗೆ ಕಟ್ಟಿದ್ದ ಕಾಗದದ ನಕ್ಷತ್ರ ಗಾಳಿಗೆ ಬಿಚ್ಚಿಕೊಂಡು ಗೋಡೆಗೆ ಬಡಿಯುತ್ತಿತ್ತು. ಹರಿದೀತೆಂದು ಕಟ್ಟಲು ಹೊರಬಂದೆ. ಅದೇ ಗಾಳಿಗೆ ನನ್ನ ಬಾಗಿಲು ಧಡಾರ್!

ಒಳಗೆ ಮೂರು ವರ್ಷದ ಮಗ, ಉರಿಯುತ್ತಿರುವ ಗ್ಯಾಸ್. ಸ್ಟೂಲ್ ಎಳೆದು ಅಡುಗೆ ಕಟ್ಟೆ ಹತ್ತುವುದು ಅವನು ಹೊಸದಾಗಿ ಕಲಿತ ವಿದ್ಯೆ. ನಮ್ಮ ಕೀ ಅವರ ಮನೆಯೊಳಗೆ, ಅವರ ಕೀ ನಮ್ಮ ಮನೆಯೊಳಗೆ. ಎಂಥ ಬುದ್ಧಿವಂತರು ನಾವು!

ನನ್ನ ಕೂಗು ಕೇಳಿ ಪಕ್ಕದ ಸಾವಂತ್ ಕಾಕು ಓಡಿಬಂದರು. ಗಂಡನನ್ನು ಸ್ಕೂಟರಿನಲ್ಲಿ ಚರ್ಚಿಗೆ ಅಟ್ಟಿದರು. "ರಡೂ ನಕೋ! ತ್ಯಾಲಾ ದಾರಾಜವಳಚ್ ಬಸವ್" ಎಂದು ಗದರಿದರು. ಅಳಬೇಡ, ಅವನನ್ನು ಬಾಗಿಲ ಹತ್ತಿರವೇ ಕೂರಿಸು ಅಂತ.

ಕೂರಿಸುವುದು ಹೇಗೆ? ಹಿಂದಿನ ದಿನ ಸಿಸಿಲಿಯಾ ಬಾಯಿ ಮನೆಮನೆಗೆ ಹಂಚಿದ್ದ ತಿಂಡಿ ತಟ್ಟೆಯನ್ನು ಕಾಕು ತಂದರು. ಅದರಲ್ಲಿ ಕಿಡ್ಯೊ ಇತ್ತು, ಸಕ್ಕರೆ ಪಾಕ ಮೆತ್ತಿದ ಪುಟ್ಟ ಸುರುಳಿಗಳು. ಚೂರು ಮಾಡಿ ಬಾಗಿಲಲ್ಲಿದ್ದ ಪೋಸ್ಟಿನ ಕಿಂಡಿಯಿಂದ ಒಂದೊಂದಾಗಿ ಒಳಗೆ ಬಿಟ್ಟೆ. (ಈಗಿನ ಡಾಕ್ಟರು ಕೇಳಿದರೆ ಬೈದಾರು.)

"ಅಲ್ಲೇ ಕೂತ್ಕೊ ಮಗಾ, ಇನ್ನೂ ಉಂಟು."

"ಔರ್ ಏಕ್!"

ಹಾಲು ಸೀದ ವಾಸನೆ ಬಂತು. ಇನ್ನೊಂದು ಚೂರು ಒಳಗೆ ತಳ್ಳಿದೆ. ತಟ್ಟೆ ಖಾಲಿಯಾಗುತ್ತಿದ್ದಂತೆ ಮಹಡಿಯ ಮಕ್ಕಳೆಲ್ಲ ಓಡಿಹೋಗಿ ತಮ್ಮ ತಮ್ಮ ಪಾಲಿನ ಕಿಡ್ಯೊ ತಂದು ಸುರಿದರು. ಯಾರೂ ಹೇಳಿರಲಿಲ್ಲ.

ಕೊನೆಗೂ ಸಿಸಿಲಿಯಾ ಬಾಯಿ ಹೊಸ ಸೀರೆಯಲ್ಲಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಅವರ ಮನೆ ತೆರೆಯಿತು, ನಮ್ಮ ಕೀ ಸಿಕ್ಕಿತು. ಮಗ ಬಾಗಿಲ ಬುಡದಲ್ಲೇ ಕೂತಿದ್ದ, ಮೂತಿ ತುಂಬ ಸಕ್ಕರೆ. ನಾನು ಓಡಿ ಗ್ಯಾಸ್ ಆರಿಸಿದೆ.

"ನಿಮ್ಮ ಪೂಜೆ ಅರ್ಧಕ್ಕೆ ನಿಂತಿತಲ್ಲ ಬಾಯಿ" ಎಂದು ಅತ್ತುಬಿಟ್ಟೆ.

"ಪೂಜೆ ನಾಳೆಯೂ ಉಂಟು, ಮಾರಾಯ್ತಿ."



ಇದನ್ನೆಲ್ಲ ಹೇಳಿ ಮಗನನ್ನು ಕೇಳಿದೆ, "ನಿನ್ನ ಇನ್ನೊಂದು ಕೀ ಯಾರ ಮನೆಯಲ್ಲಿ ಉಂಟು?"

"ಕೀ? ಡಿಜಿಟಲ್ ಲಾಕ್ ಹೈ, ಮಮ್ಮಿ."

ಸರಿ. ಎದುರು ಮನೆಯವರ ಹೆಸರೇನು ಎಂದೆ.

ಅದು ಕ್ಯಾಮೆರಾಕ್ಕೂ ಗೊತ್ತಿರಲಿಲ್ಲ.