ಹೆಸರು ಹೇಳದ ಊರು

ಎರಡನೇ ಮಹಾಯುದ್ಧದ ಕಾಲಕ್ಕೆ ಕಾರ್ಖಾನೆ ಕೆಲಸ ಕಲಿಯಲೆಂದು ಸರ್ಕಾರ ನನ್ನನ್ನು ಅಳವಂಡಿಯಿಂದ ಇಂಗ್ಲೆಂಡಿಗೆ ಕಳಿಸಿತ್ತು. ಒಂದು ರವಿವಾರ ತಿರುಗಾಡಲು ಹೋಗಿ ದಾರಿ ತಪ್ಪಿ ಯಾವುದೋ ಹಳ್ಳಿ ಸೇರಿದೆ. ಅಲ್ಲೆಲ್ಲೂ ಊರಿನ ಹಲಗೆಯಿಲ್ಲ. ಚರ್ಚಿನ ಫಲಕದಲ್ಲಿಯೂ ಊರಿನ ಹೆಸರಿಗೆ ಕಪ್ಪು ಬಳಿದಿದ್ದರು.

ಬೇಲಿ ಕತ್ತರಿಸುತ್ತಿದ್ದ ಮುದುಕಿಯೊಬ್ಬಳನ್ನು, ಇದು ಯಾವ ಊರೆಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ.

"ಅದನ್ನ ಹೇಳೂಹಂಗಿಲ್ಲ. ವೈರಿ ಬಂದಿಳಿದರ ಅವಂಗ ಊರು ತಿಳೀಬಾರದು ಅಂತ ಹುಕುಂ ಐತಿ," ಎಂದಳು.

ನನ್ನನ್ನೇ ವೈರಿ ಅಂದುಕೊಂಡು ಪೊಲೀಸರನ್ನು ಕರೆಸುತ್ತಾಳೋ ಏನೋ! ಆದರೆ ಅವಳು ಕತ್ತರಿ ಕೆಳಗಿಟ್ಟು, "ಬಾ, ಊರು ತೋರಿಸ್ತೀನಿ," ಎಂದಳು. ಏಳುನೂರು ವರ್ಷದ ಚರ್ಚು, ಒಳಗೆ ಯಾವನೋ ಸರದಾರನ ಗೋರಿ, ತನ್ನಜ್ಜ ದುಡಿದ ಗಾಳಿಗಿರಣಿ, ಎಲ್ಲದರ ಕಥೆ ಹೇಳಿದಳು. ಕೊನೆಗೆ ಬಸ್ಸು ಹತ್ತಿಸುವಾಗ ಮತ್ತೊಮ್ಮೆ ಹೆಸರು ಕೇಳಿದೆ. ತುಟಿಯ ಮೇಲೆ ಬೆರಳಿಟ್ಟಳು.

ಅಳವಂಡಿಗೆ ಮರಳಿದ ಮೇಲೆ ಇದನ್ನೆಲ್ಲ ಅವ್ವನಿಗೆ ಹೇಳಿದೆ.

"ಇಷ್ಟೆಲ್ಲಾ ಹೇಳಿದಾಕಿ ಹೆಸರು ಯಾಕ ಹೇಳಲಿಲ್ಲೋ?"

ಹುಕುಂ ಅಂತೆ ಎಂದೆ. ಅವ್ವ ನಂಬಲಿಲ್ಲ.

"ಏನರ ಹೊಲಸು ಹೆಸರಿರಬೇಕು ಬಿಡು. ಪಾಪ, ಪರಊರಾಂವನ ಮುಂದ ಹೇಳಾಕ ನಾಚ್ಯಾಳ."